ಎಮ್ಮೆ ಮಾರಿ ತಂದ ಸೂಜಿ

ಕಳೆದ ವರ್ಷ ಐನಾಪುರದಲ್ಲಿ ನಮ್ಮ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಗಡಿಯಾಚೆಯ ಆಸ್ಪತ್ರೆಯೊಂದರಲ್ಲಿ ಹತ್ತು ದಿನದ ಇಂಜೆಕ್ಷನ್ ಬರೆದುಕೊಟ್ಟರು. ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನಗೆ ಕಾಕು ಫೋನ್ ಮಾಡಿದಳು: "ತಮ್ಮಾ, ನೀ ಅದನ್ನ ಓದಾಕತ್ತಿ ಅಲ್ಲ, ಈ ಸೂಜಿ ಮಾಡಿಸಿದ್ರ ಮೆದುಳು ಹೊಳ್ಳಿ ಬೆಳೀತೈತೇನು?" ನಾನು ಉತ್ತರ ಹೇಳುವಷ್ಟರಲ್ಲಿ ಎಮ್ಮೆ ಮಾರಾಟವಾಗಿತ್ತು.

ಆ ಸೀಸೆಯಲ್ಲಿದ್ದದ್ದು ಹಂದಿಯ ಮೆದುಳಿನ ಪ್ರೋಟೀನನ್ನು ಕಿಣ್ವಗಳಿಂದ ಒಡೆದು ಮಾಡಿದ ಪೆಪ್ಟೈಡ್ ಮಿಶ್ರಣ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಗಿಡ್ಡ ಸರಪಳಿ, ಉದ್ದವಾದರೆ ಪ್ರೋಟೀನು. ಇವುಗಳಲ್ಲಿ ಹಲವು ಜೀವಕೋಶದಿಂದ ಜೀವಕೋಶಕ್ಕೆ ಸುದ್ದಿ ಒಯ್ಯುತ್ತವೆ. ಇಲ್ಲಿಯವರೆಗೆ ಸರಿ. ಆದರೆ "ಮೆದುಳು ಬೆಳೆಸುವ ಸೂಜಿ" ಎಂಬ ಮಾತು ವಿಜ್ಞಾನದ ಅಂಗಿ ತೊಟ್ಟ ಸುಳ್ಳು.

ಮುಸೊಲಿನಿಯ 1938ರ ಜನಾಂಗೀಯ ಕಾನೂನಿನಿಂದ ಕೆಲಸ ಕಳೆದುಕೊಂಡ ರೀಟಾ ಲೆವಿ-ಮೊಂತಾಲ್ಚಿನಿ, ಮಲಗುವ ಕೋಣೆಯಲ್ಲೇ ಕೋಳಿಯ ಭ್ರೂಣಗಳನ್ನು ಅಭ್ಯಾಸ ಮಾಡಿದವರು. ಮುಂದೆ ನರ ಬೆಳೆಸುವ ಅಂಶವಾದ ಎನ್‌ಜಿಎಫ್‌ಗಾಗಿ 1986ರಲ್ಲಿ ಸ್ಟ್ಯಾನ್ಲಿ ಕೊಹೆನ್ ಜೊತೆ ಅವರಿಗೆ ನೊಬೆಲ್ ಬಂತು. ಆ ದಾರಿಯಲ್ಲಿ ತಿಳಿದದ್ದಿಷ್ಟು: ಭ್ರೂಣದಲ್ಲಿ ಅಗತ್ಯಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುತ್ತವೆ, ಸರಿಯಾದ ಜಾಗ ಮುಟ್ಟಿ ಅಲ್ಲಿನ ಅಂಶ ಪಡೆದವು ಬದುಕುತ್ತವೆ, ಮಿಕ್ಕವು ಸಾಯುತ್ತವೆ. 1982ರಲ್ಲಿ ಹಂದಿಯ ಮೆದುಳಿನಿಂದಲೇ ಬೇರ್ಪಡಿಸಿದ ಬಿಡಿಎನ್‌ಎಫ್ ಇನ್ನೂ ಸೋಜಿಗ. ಅದರ ಪಕ್ವ ರೂಪ ನರಕೋಶವನ್ನು ಉಳಿಸುತ್ತದೆ; ಕತ್ತರಿಸದ ಪೂರ್ವರೂಪ ಅದನ್ನೇ ಸಾವಿನ ಕಡೆ ತಳ್ಳಬಲ್ಲದು.

ಕಬ್ಬು ಬೆಳೆಯುವ ನಮ್ಮೂರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೃಷ್ಣೆಯ ನೀರು ಹೊತ್ತಿಗೆ, ಹದಕ್ಕೆ ಬಂದರೆ ಬೆಳೆ. 2019ರ ಹಾಗೆ ನುಗ್ಗಿದರೆ ಅದೇ ನೀರು ಬೆಳೆಯನ್ನು ನುಂಗುತ್ತದೆ.

ಲಕ್ವಾ ಹೊಡೆದ ಆರಂಭದ ದಿನಗಳಲ್ಲಿ ಇಂಥ ಮಿಶ್ರಣ ಕೊಟ್ಟ ಪ್ರಯೋಗಗಳನ್ನು ಕಾಕ್ರೇನ್ ವಿಮರ್ಶಕರು ಒಟ್ಟುಗೂಡಿಸಿ ನೋಡಿದ್ದಾರೆ. ಸಾವು ಕಡಿಮೆಯಾದದ್ದು ಕಾಣಲಿಲ್ಲ. ಪ್ರಾಣ ತೆಗೆಯದ ಆದರೆ ಗಂಭೀರವಾದ ಅಡ್ಡಪರಿಣಾಮ ಹೆಚ್ಚಿರಬಹುದೆಂಬ ಸೂಚನೆ ಸಿಕ್ಕಿತು. ಕೈಯ ಚಲನೆ ಸುಧಾರಿಸಿತು ಎನ್ನುವ ಪ್ರಯೋಗಗಳೂ ಇವೆ, ನಿಜ. ಹಾಗಾದರೆ ವಾದ ಮುಗಿದಿಲ್ಲ. ಮುಗಿಯದ ವಾದವನ್ನು ಮುಗಿದದ್ದೆಂದು ಹೇಳಿ ಎಮ್ಮೆ ಮಾರಿಸುವುದಕ್ಕೆ ಚಿಕಿತ್ಸೆ ಎನ್ನುವುದಿಲ್ಲ, ದಂಧೆ ಎನ್ನುತ್ತಾರೆ.

"ಬಡವರ ಆಸೆಗೇಕೆ ಕಲ್ಲು ಹಾಕುತ್ತೀ?" ಎಂದು ಗೆಳೆಯನೊಬ್ಬ ಕೇಳಿದ. ಕಲ್ಲು ಹಾಕಿದ್ದು ಸೂಜಿಯ ಬಿಲ್ಲು. ಹಣ ಅದಕ್ಕೇ ಮುಗಿದು, ಕಾಕಾನ ಫಿಸಿಯೋಥೆರಪಿ ಎರಡನೇ ವಾರಕ್ಕೇ ನಿಂತಿತು. ಪೆಟ್ಟು ತಿಂದ ಮೆದುಳಿನ ಉಳಿದ ಭಾಗ ಹೊಸದಾಗಿ ಕಲಿಯುವುದು ಬಳಕೆಯಿಂದ. ದುಡಿಯುವ ನರಕೋಶಗಳು ತಾವೇ ಬಿಡಿಎನ್‌ಎಫ್ ಬಿಡುಗಡೆ ಮಾಡುತ್ತವೆ, ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ. ಮಾತಿನ ಚಿಕಿತ್ಸಕರನ್ನು ತಯಾರು ಮಾಡುವ ಸಂಸ್ಥೆ ಮೈಸೂರಿನಲ್ಲಿ 1960ರ ದಶಕದಿಂದ ಇದೆ. ಕಾಕಾಗೆ ಅವನ ಕನ್ನಡದಲ್ಲಿ ಮಾತು ಕಲಿಸುವವರು ಮಾತ್ರ ನಮಗೆ ಹತ್ತಿರದಲ್ಲಿ ಸಿಗಲಿಲ್ಲ.

ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ಮಾತಿನ ಚಿಕಿತ್ಸಕ: ಇದನ್ನು ಕೇಳೋಣ. ಸೂಜಿ ಬರೆಯುವವರನ್ನೂ ಕೇಳೋಣ: ಪುರಾವೆ ಎಷ್ಟು, ಖರ್ಚು ಎಷ್ಟು, ಮಾಡಿಸದಿದ್ದರೆ ಏನಾಗುತ್ತದೆ? ಉತ್ತರ ಕಾಕುಗೆ ತಿಳಿಯುವ ಕನ್ನಡದಲ್ಲಿರಲಿ, ಎಮ್ಮೆ ಮಾರುವ ಮೊದಲೇ ಇರಲಿ.