ಭಿನ್ನಮತವೆಲ್ಲ ಬಿರುಕಲ್ಲ

ಒಂದು ಪಕ್ಷದ ಇಬ್ಬರು ನಾಯಕರು ಎರಡು ಬಗೆಯಾಗಿ ಮಾತನಾಡಿದರೆ ಸಾಕು, ಸಂಜೆಯ ಹೊತ್ತಿಗೆ ದೂರದರ್ಶನದ ಪರದೆಯ ಮೇಲೆ ‘ಬಿರುಕು’, ‘ಬಂಡಾಯ’, ‘ಸ್ಫೋಟ’ ಎಂಬ ಕೆಂಪಕ್ಷರಗಳು ಓಡತೊಡಗುತ್ತವೆ. ಮರುದಿನ ಆ ಇಬ್ಬರೂ ಕೈಹಿಡಿದು ಛಾಯಾಚಿತ್ರಕ್ಕೆ ನಿಂತು, ತಮ್ಮಲ್ಲಿ ಭಿನ್ನಾಭಿಪ್ರಾಯವೇ ಇಲ್ಲವೆಂದು ಸಾರುತ್ತಾರೆ. ಮೊದಲನೆಯದು ಉತ್ಪ್ರೇಕ್ಷೆ, ಎರಡನೆಯದು ಸುಳ್ಳು; ಎರಡರ ನಡುವೆ ಸಾಯುವುದು ನಿಜವಾದ ವಾದ. ಸರಕಾರಿ ನೌಕರಿಯ ನಡತೆ ನಿಯಮಗಳಿಗೆ ಒಳಪಟ್ಟ ನಾನು ಇಂದಿನ ಪಕ್ಷಗಳ ಹೆಸರೆತ್ತಲಾರೆ. ಎತ್ತುವ ಅಗತ್ಯವೂ ಇಲ್ಲ. ಈ ರೋಗಕ್ಕೆ ಪಕ್ಷಭೇದವಿಲ್ಲ.

2024ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 100 ವರ್ಷ ತುಂಬಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೆಂದು ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಅಲ್ಲಿ ಸೇರಿದ್ದು ಒಡೆದ ಮನೆಯೆಂಬುದನ್ನು ನೆನೆದವರು ಎಷ್ಟು ಮಂದಿ? 1922ರ ಗಯಾ ಅಧಿವೇಶನದಲ್ಲಿ ಶಾಸನಸಭೆಗಳನ್ನು ಪ್ರವೇಶಿಸಬೇಕೆಂಬ ಪಕ್ಷ ಸೋತಿತು. ಅಧ್ಯಕ್ಷ ಚಿತ್ತರಂಜನ ದಾಸರೇ ಹುದ್ದೆ ತೊರೆದು, ಮೋತಿಲಾಲ ನೆಹರೂ ಅವರೊಡನೆ ಸ್ವರಾಜ್ಯ ಪಕ್ಷ ಕಟ್ಟಿದರು. ರಾಜಾಜಿ, ರಾಜೇಂದ್ರ ಪ್ರಸಾದರು ಎದುರು ನಿಂತರು. ಪಟೇಲ್ ಸಹೋದರರಲ್ಲಿ ವಿಠ್ಠಲಭಾಯಿ ಆ ಕಡೆ, ವಲ್ಲಭಭಾಯಿ ಈ ಕಡೆ.

ಅಂದಿನ ಪತ್ರಿಕೆಗಳು ನಿಷ್ಪಕ್ಷವಾಗಿದ್ದವೆಂದು ಯಾರೂ ಭ್ರಮಿಸಬೇಕಿಲ್ಲ. ಅವೂ ಪಕ್ಷ ವಹಿಸಿ ಕಾದಾಡಿದವು. ಆದರೆ ಓದುಗನಿಗೆ ಒಂದು ವಾದ ಪೂರ್ತಿಯಾಗಿ ದೊರೆಯುತ್ತಿತ್ತು. ಅರ್ಧ ನಿಮಿಷದ ಕಿರುಚಾಟವಲ್ಲ. 1924ರ ಜೂನ್‌ನಲ್ಲಿ ಅಹಮದಾಬಾದಿನ ಸಭೆಯಲ್ಲಿ ತಮ್ಮ ಮಾತು ನಡೆಯದಾದಾಗ, ತಾವು ಸೋತೆನೆಂದು, ತಲೆಬಾಗಿದೆನೆಂದು ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ದಲ್ಲೇ ಬರೆದರು. ಇಂದು ತನ್ನ ಪತ್ರಿಕೆಯಲ್ಲಿ ತನ್ನ ಸೋಲನ್ನು ಅಚ್ಚುಮಾಡುವ ನಾಯಕನನ್ನು ಯಾರಾದರೂ ತೋರಿಸಬಲ್ಲರೇ?

ಆ ಸೋಲಿನ ಮೇಲೆಯೇ ಬೆಳಗಾವಿಯ ಒಪ್ಪಂದ ನಿಂತಿತು. ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಗಳಲ್ಲಿ ದುಡಿಯುವುದು. ಸದಸ್ಯರು ತಿಂಗಳಿಗೆ 2000 ಗಜ ನೂಲು ಕೊಡುವುದು. ನೂಲಲು ಮನಸ್ಸಿಲ್ಲದವರು ಬೇರೆಯವರು ನೂತುದನ್ನು ತಂದುಕೊಡಬಹುದು. ಇಬ್ಬರಿಗೂ ಇದು ಕಹಿಯಾಗಿತ್ತು. 1925ರಲ್ಲಿಯೇ ನೂಲಿನ ನಿಯಮ ಸಡಿಲಾಯಿತು ಎಂಬುದೂ ಸತ್ಯ. ಆದರೂ ಪಕ್ಷ ಉಳಿಯಿತು. ಏಕೆಂದರೆ ಯಾರೂ ತಮ್ಮ ಮತವನ್ನು ನುಂಗಬೇಕಾಗಲಿಲ್ಲ.

ಇಂದು ಪಕ್ಷಾಂತರ ನಿಷೇಧದ ನೆಪ ಹೇಳುವವರಿದ್ದಾರೆ. 1985ರ ಆ ಕಾನೂನಿನನ್ವಯ ಸಚೇತಕಾಜ್ಞೆ ಮೀರಿ ಮತ ಹಾಕಿದವನ ಸ್ಥಾನ ಹೋಗಬಹುದು, ನಿಜ. ಆದರೆ ಪಕ್ಷದ ಒಳಸಭೆಯಲ್ಲಿ ಬಾಯಿ ಮುಚ್ಚಿರಬೇಕೆಂದು ಯಾವ ಕಾನೂನು ಹೇಳಿದೆ? ಅದು ನಾಯಕರ ಭಯ, ಅನುಯಾಯಿಗಳ ಸೋಮಾರಿತನ.

ನಮ್ಮ ಸಂಘವೇನು ಇದಕ್ಕೆ ಹೊರತೇ? 2024ರ ಚುನಾವಣೆಯ ಸಮಯದಲ್ಲಿ ಮೂವತ್ತು ವರ್ಷಗಳ ಸ್ನೇಹಿತರಾದ ಇಬ್ಬರು ಹಿರಿಯರು, ಹಿಂದಿನ ರಾತ್ರಿ ದೂರದರ್ಶನದಲ್ಲಿ ಕೇಳಿದ ಮಾತುಗಳನ್ನೇ ಒಬ್ಬರ ಮೇಲೊಬ್ಬರು ಎಸೆದು ಮಾತು ಬಿಟ್ಟರು. ಸಂಘದ ಸಭೆಗಳಲ್ಲಿ ರಾಜಕೀಯ ಕೂಡದೆಂದು ನಾವು ನಿರ್ಣಯ ಮಾಡಿದೆವು, ನಾನೂ ಕೈಯೆತ್ತಿದೆ. ಅದು ತಪ್ಪಾಯಿತು. ಮೌನವನ್ನೇ ಐಕ್ಯವೆಂದು ಬಗೆದೆವು. ಆ ಹಿರಿಯರು ಇಂದಿಗೂ ರಾಜ್ಯೋತ್ಸವದಂದು ಸಭಾಂಗಣದ ಎರಡು ಮೂಲೆಗಳಲ್ಲಿ ಕೂಡುತ್ತಾರೆ.

ಆ ನಿರ್ಣಯವನ್ನು ಹಿಂತೆಗೆದುಕೊಳ್ಳಬೇಕೆಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಾನೇ ಸೂಚಿಸಲಿದ್ದೇನೆ. ಇಬ್ಬರನ್ನೂ ವೇದಿಕೆಗೆ ಕರೆದು ತಲಾ ಅರ್ಧ ಗಂಟೆ ಕೊಡೋಣ. ನಡುವೆ ಯಾರೂ ಬಾಯಿ ಹಾಕದಿರಲಿ. ಬಳಿಕ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡೋಣ.