ಕತ್ತರಿ ಹಾಕುವಾಗ ನಮ್ಮನ್ನೂ ಕರೆಯಿರಿ

ಕಳೆದ ವರ್ಷ ಬೇಸಿಗೆಯಲ್ಲಿ ಅಮ್ಮಸಂದ್ರದ ನಮ್ಮ ತೋಟಕ್ಕೆ ಸಿನಿಮಾದವರು ಬಂದಂತಾಗಿತ್ತು. ಬಂದಿದ್ದವರು ಒಂದು ವಿಶ್ವವಿದ್ಯಾಲಯದ ಕೀಟಶಾಸ್ತ್ರದ ಮೇಡಂ, ಅವರ ಇಬ್ಬರು ವಿದ್ಯಾರ್ಥಿಗಳು ಮತ್ತು ಕ್ಯಾಮೆರಾದ ಹುಡುಗ. ತೆಂಗಿನ ಕಪ್ಪುತಲೆ ಹುಳವನ್ನು ಪರೋಪಜೀವಿ ಕಣಜ ಬಿಟ್ಟು ಹತೋಟಿ ಮಾಡುವ ಬಗ್ಗೆ ಮೂರು ನಿಮಿಷದ ವಿಡಿಯೋ ಮಾಡಬೇಕಿತ್ತು. ನಮ್ಮ ಮರಗಳ ಕೆಳಗಿನ ಗರಿಗಳು ಬೆಂಕಿ ತಾಗಿದಂಗೆ ಒಣಗಿದ್ದವು. ‘ಸೂಪರಾಗಿ ಹಾಳಾಗೈತೆ ಸಾರ್’ ಎಂದು ಕ್ಯಾಮೆರಾದ ಹುಡುಗ ಖುಷಿಪಟ್ಟ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮೂರು ನಿಮಿಷಕ್ಕೆ ಎರಡು ದಿನ ಬೇಕಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕಾಲರಿಗೆ ಮೈಕು ಸಿಕ್ಕಿಸಿದರು. ನಾನು ಬಾಯಿ ತೆಗೆಯುವ ಹೊತ್ತಿಗೇ ಅರಸೀಕೆರೆ ಕಡೆಯ ರೈಲು ಕೂಗುತ್ತಿತ್ತು. ರೈಲು ಹೋಯಿತು ಅಂದರೆ ಗಾಳಿ, ಗಾಳಿ ನಿಂತಿತು ಅಂದರೆ ಪಕ್ಕದ ತೋಟದ ಮೋಟರು. ಒಂದು ಮಾತನ್ನು ಆರು ಸಲ ಹೇಳಿದ ಮೇಲೆ ಅದು ನನ್ನ ಮಾತು ಅನ್ನಿಸುವುದೇ ನಿಂತುಹೋಯಿತು.

ನಿಜವಾದ ಕಷ್ಟ ಕಣಜದ್ದು. ಗೋನಿಯೋಜಸ್ ಎಂದು ಅದರ ಹೆಸರು. ನೋಡಲು ಕರಿ ಇರುವೆ ಥರ. ಟ್ಯೂಬಿನಿಂದ ಬಿಟ್ಟರೆ ಎಲೆ ಬಿಟ್ಟು ಹುಡುಗನ ಮುಂಗೈ ಹತ್ತುತ್ತಿತ್ತು. ಮೇಡಂ ಗೋಣಿಚೀಲದ ಮೇಲೆ ಮಲಗಿ ಅರ್ಧ ದಿನ ಕಾದರು. ಕಪ್ಪುತಲೆ ಹುಳ ಎಲೆಯ ಅಡಿಗೆ ತನ್ನ ಹಿಕ್ಕೆ ಮತ್ತು ನೂಲು ಸೇರಿಸಿ ಸುರಂಗ ಕಟ್ಟಿಕೊಂಡು ಒಳಗಿನಿಂದ ಹಸಿರು ಕೆರೆದು ತಿನ್ನುತ್ತದಲ್ಲ, ಕೊನೆಗೂ ಒಂದು ಕಣಜ ಅದರೊಳಗೆ ನುಗ್ಗಿತು. ತನಗಿಂತ ಎಷ್ಟೋ ದೊಡ್ಡ ಹುಳವನ್ನು ಚುಚ್ಚಿ, ಮಿಸುಕದಂತೆ ಮಲಗಿಸಿತು. ಆಮೇಲೆ ಅದರ ಮೈಮೇಲೆಯೇ ಮೊಟ್ಟೆ ಇಟ್ಟು, ಮರಿಗಳು ಆ ಹುಳವನ್ನು ಹೀರಿ ಬೆಳೆಯುವ ತನಕ ತಾಯಿ ಕಾವಲು ಕೂರುತ್ತದಂತೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇಣುಕಿದ ನಮ್ಮವ್ವ, ‘ಇಷ್ಟುದ್ದ ಇರುವೆ ಅಂಥಾ ಹುಳಾನ ಮಲಗಿಸ್ತಲ್ಲೋ’ ಅಂದಳು. ಮೂವತ್ತು ವರ್ಷ ತೆಂಗು ಮಾಡಿದ ನಾನೂ ಅದನ್ನು ಕಂಡಿದ್ದು ಅದೇ ಮೊದಲು. ಇಂಥದ್ದನ್ನು ತೋರಿಸಲು ವಿಡಿಯೋ ಬಿಟ್ಟರೆ ಬೇರೆ ದಾರಿಯಿಲ್ಲ, ಒಪ್ಪಿದೆ.

ಎರಡನೇ ದಿನ ಸಂಜೆ ಮೇಡಂ ಒಂದು ಕೆಳಗರಿ ಕೊಯ್ಸಿ ನೆಲಕ್ಕೆ ಹಾಸಿ ಅರ್ಧ ಗಂಟೆ ಪಾಠ ಮಾಡಿದರು. ನನ್ನ ಲೆಕ್ಕದಲ್ಲಿ ಆ ಎರಡು ದಿನದ ತಿರುಳು ಅದೇ. ಎಲೆ ಮಗುಚಿ, ಕಡ್ಡಿಯಿಂದ ಒಂದೊಂದೇ ಸುರಂಗ ಬಿಡಿಸಿ ಎಣಿಸಿದರು. ಜೀವಂತ ಹುಳ ಎಷ್ಟು, ಕೋಶ ಎಷ್ಟು, ಖಾಲಿ ಎಷ್ಟು. ಮೊಟ್ಟೆಯಿಂದ ಪತಂಗದವರೆಗೆ ಈ ಕೀಟಕ್ಕೆ ಸುಮಾರು ಎರಡು ತಿಂಗಳು, ಅದರಲ್ಲಿ ಹುಳವಾಗಿರುವುದು ಸುಮಾರು 40 ದಿನ. ನಮ್ಮ ಕಡೆ ತೋಟದಲ್ಲಿರುವ ಹುಳಗಳೆಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸಿನಲ್ಲಿರುತ್ತವೆ. ಈ ಕಣಜಕ್ಕೆ ಬೇಕಾದ್ದು ಬಲಿತ ಹುಳ. ಎಲ್ಲ ಕೋಶವಾದ ಮೇಲೆ ಬಿಟ್ಟರೆ ಕೆಲಸವಿಲ್ಲದೆ ಸಾಯುತ್ತದೆ. ಆದರೆ ಗರಿ ಮಾತ್ರ ಸುಟ್ಟಂತೆಯೇ ಕಾಣುತ್ತಿರುತ್ತದೆ, ಒಣಗಿದ್ದು ಮತ್ತೆ ಹಸಿರಾಗುವುದಿಲ್ಲವಲ್ಲ. ಆದ್ದರಿಂದ ದೂರದಿಂದ ಮರ ನೋಡಿ ತೀರ್ಮಾನ ಮಾಡಬೇಡಿ, ಎಲೆ ಮಗುಚಿ ನೋಡಿ ಎಂದರು. ಕ್ಯಾಮೆರಾ ಓಡುತ್ತಲೇ ಇತ್ತು.

ಹೊರಡುವ ಮುಂಚೆ ನನ್ನ ಕೊನೆಯ ಮಾತು. ‘ಕಣಜ ಬಿಟ್ಟಿದ್ದರಿಂದ ನನ್ನ ತೋಟ ಸುಧಾರಿಸಿತು’ ಅನ್ನಬೇಕಿತ್ತು. ಕಣಜ ಬಿಟ್ಟು ಒಂದೂವರೆ ದಿನ ಆಗಿತ್ತು! ‘ಹೆಂಗೂ ಸುಧಾರಿಸುತ್ತೆ, ಮತ್ತೆ ಇದಕ್ಕೇ ಬರೋದು ಬೇಡ’ ಎಂದರು. ಮನೆಗೆ ಬಂದವರು, ಹೊತ್ತೂ ಮುಳುಗುತ್ತಿತ್ತು. ಹೇಳಿಬಿಟ್ಟೆ. ತಪ್ಪು ನನ್ನದೂ ಇದೆ.

ತಿಂಗಳಾದ ಮೇಲೆ ವಿಡಿಯೋ ಎಲ್ಲರ ಮೊಬೈಲಿಗೆ ಬಂತು. ಡ್ರೋನಿನಿಂದ ತೆಗೆದ ತೋಟ, ಹಿನ್ನೆಲೆಗೆ ಕೊಳಲು, ಕಣಜದ ಸಾಹಸ, ಕೊನೆಗೆ ಇಸ್ತ್ರಿ ಅಂಗಿಯ ನಾನು. ಗರಿ ಹಾಸಿ ಎಣಿಸಿದ ಅರ್ಧ ಗಂಟೆಯಲ್ಲಿ ಒಂದು ಗಳಿಗೆಯೂ ಇರಲಿಲ್ಲ.

ಪಕ್ಕದ ತೋಟದ ಅಣ್ಣ ಅದನ್ನು ನೋಡಿ ಎರಡು ಸಲ ಓಡಾಡಿ ಕಣಜದ ಟ್ಯೂಬು ತಂದು ಬಿಟ್ಟರು. ಗರಿ ಸುಟ್ಟಂಗೆ ಕಂಡಿತ್ತು, ಬಿಟ್ಟರು. ಹುಳ ಆಗಲೇ ಕೋಶ ಸೇರಿತ್ತು. ಮುಂದಿನ ತಲೆಮಾರು ಎದ್ದು ಇನ್ನೂ ನಾಲ್ಕು ಗರಿ ಮೇಲಕ್ಕೆ ತಿಂದುಕೊಂಡು ಹೋಯಿತು. ‘ವಿಜ್ಞಾನಿಗಳ ಮಾತು ನಂಬಿ ಬಿಟ್ಟಿದ್ದಲ್ಲ ಕಣಪ್ಪಾ. ನೀನು ಹೇಳ್ದೆ ಅಂತ ಬಿಟ್ಟೆ’ ಅಂದರು. ನನಗೆ ಉತ್ತರವಿರಲಿಲ್ಲ.

ವಿಡಿಯೋದಲ್ಲಿ ರೈತ ನಂಬುವುದು ರೈತನ ಮುಖವನ್ನು. ಇದು ನನ್ನ ಒಬ್ಬನ ಅನುಭವವಲ್ಲ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ‘ಡಿಜಿಟಲ್ ಗ್ರೀನ್’ ಶುರು ಮಾಡಿ ಕರ್ನಾಟಕದ ಹಳ್ಳಿಗಳಲ್ಲಿ ರೈತರ ವಿಡಿಯೋ ತೋರಿಸಿದಾಗ, ಜನ ಕೇಳುತ್ತಿದ್ದ ಮೊದಲ ಪ್ರಶ್ನೆ ‘ಅವನು ಯಾರು, ಯಾವೂರು’ ಅಂತಲೇ. ಅವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದ್ದರು. ಊರಿನವರೊಬ್ಬರು ನಡುನಡುವೆ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳಿ ಮುಂದಕ್ಕೆ ಹೋಗುತ್ತಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ಟಿ.ವಿ. ತೋರಿಸಿತು. ನಮ್ಮ ರಾಯಚೂರು, ಗುಲ್ಬರ್ಗ, ವಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಆಕಾಶದಿಂದ ಬರುವ ಚಿತ್ರವನ್ನು ಹಳ್ಳಿಯವರು ನಿಲ್ಲಿಸುವಂತಿರಲಿಲ್ಲ, ಸರಿ. ಈಗ ಜೇಬಿನಲ್ಲೇ ಇರುವ ವಿಡಿಯೋಗೆ ಆ ನೆಪ ಯಾಕೆ?

ವಿಶ್ವವಿದ್ಯಾಲಯಗಳು ವಿಡಿಯೋ ಮಾಡುವುದು ಬೇಡ ಅನ್ನುತ್ತಿಲ್ಲ. ಇನ್ನೂ ಮಾಡಲಿ. ಆದರೆ ಯಾರ ತೋಟದಲ್ಲಿ ತೆಗೆದರೋ ಅವರಿಗೆ ತೋರಿಸದೆ ಹೊರಗೆ ಬಿಡಬಾರದು. ಡ್ರೋನಿಗೆ ಅರ್ಧ ನಿಮಿಷ ಕೊಡುವವರು ಎಲೆ ಮಗುಚುವುದಕ್ಕೆ ಒಂದು ನಿಮಿಷ ಕೊಡಲಿ. ಫಲಿತಾಂಶದ ಮಾತು ಫಲಿತಾಂಶ ಬಂದ ಮೇಲೆ. ಎರಡನೇ ಸಲ ಬರಲು ಖರ್ಚಾಗುತ್ತೆ ಅಂದರೆ, ಆ ಮಾತನ್ನೇ ಬಿಟ್ಟುಬಿಡಲಿ. ನಾವೂ ಅಷ್ಟೇ, ಕ್ಯಾಮೆರಾ ಕಂಡ ಕೂಡಲೇ ಅವರು ಹೇಳಿಕೊಟ್ಟದ್ದನ್ನು ಒಪ್ಪಿಸಬಾರದು.

ಈಚೆಗೆ ಮೇಡಂಗೆ ಫೋನ್ ಮಾಡಿ ಅಣ್ಣನ ತೋಟದ ಕತೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೂರು ನಿಮಿಷ ಮೀರಬಾರದು ಅಂತ ಮೇಲಿನಿಂದ ಹೇಳಿದ್ದರಂತೆ. ಎಣಿಸಿದ ಚಿತ್ರ ಇನ್ನೂ ಕಂಪ್ಯೂಟರಿನಲ್ಲಿದೆ, ಅದನ್ನೇ ಬೇರೆ ವಿಡಿಯೋ ಮಾಡೋಣ ಅಂದರು. ಮೊದಲು ನಮ್ಮ ಜಗಲಿಯಲ್ಲಿ ಅಣ್ಣನಿಗೆ ತೋರಿಸಬೇಕು ಅಂತ ಷರತ್ತು ಹಾಕಿದೆ, ಒಪ್ಪಿದ್ದಾರೆ. ಅಣ್ಣನಿಗೂ ಹೇಳಿದ್ದೇನೆ. ‘ನೋಡ್ತೀನಿ, ಆದ್ರೆ ಸುಮ್ನೆ ಕೂರಾಕಿಲ್ಲ’ ಅಂದಿದ್ದಾರೆ.