ಅಚ್ಚಿನ ತಪ್ಪಿಗೆ ಹೊಣೆ ಯಾರು?

ನೆರೆಮನೆಯ ಹಿರಿಯ ಮಹಿಳೆಯೊಬ್ಬರಿಗೆ ವಿಧವಾ ವೇತನದ ಅರ್ಜಿಗಾಗಿ ವಾಸಸ್ಥಳದ ಪತ್ರ ಬೇಕಿತ್ತು. ಅವರೊಡನೆ ನಾನೂ ಕಚೇರಿಗೆ ಹೋಗಿದ್ದೆ. ಐದೇ ನಿಮಿಷದಲ್ಲಿ ಗಣಕಯಂತ್ರದಿಂದ ಪತ್ರ ಹೊರಬಂತು. 'ತಮ್ಮ ಪತಿಯೊಂದಿಗೆ ಸದರಿ ವಿಳಾಸದಲ್ಲಿ ವಾಸವಾಗಿರುತ್ತಾರೆ' ಎಂದಿತ್ತು. ಪತಿ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಗುಮಾಸ್ತರು ಅಸಹಾಯಕರಾಗಿ ಹೇಳಿದರು: "ನಾನು ಹೆಸರು, ವಿಳಾಸ ಮಾತ್ರ ತುಂಬಬಲ್ಲೆ ಸಾರ್. ಉಳಿದದ್ದು ಸಿಸ್ಟಂನಲ್ಲೇ ಬರುತ್ತದೆ."

ಇಂಥ ಪತ್ರಗಳ ಗುಟ್ಟು ಸರಳ. ವಾಕ್ಯಗಳು ಮೊದಲೇ ಸಿದ್ಧವಾಗಿರುತ್ತವೆ. ಹೆಸರು, ಊರು, ಮೊತ್ತಗಳಿಗೆ ತೆರಪು ಬಿಟ್ಟಿರುತ್ತಾರೆ. ತಂತ್ರಾಂಶವು ದತ್ತಾಂಶವನ್ನು ಎತ್ತಿ ಅಲ್ಲಿ ತುಂಬುತ್ತದೆ. ಇದರಿಂದ ಜನರಿಗೆ ಆಗಿರುವ ಉಪಕಾರವನ್ನು ನಾನು ಅಲ್ಲಗಳೆಯಲಾರೆ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ, 15 ರೂಪಾಯಿ ಕೊಟ್ಟು ಪಹಣಿ ಪಡೆದ ರೈತ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು.

ಆದರೆ ಕೈಬರಹದ ತಪ್ಪು ಒಂದು ಕಾಗದದ್ದು. ನಮೂನೆಯ ತಪ್ಪು ಅದರಿಂದ ಹೊರಡುವ ಪ್ರತಿಯೊಂದು ಕಾಗದದ್ದು. ಕೈಬರಹದ ತಪ್ಪನ್ನು ಅಧಿಕಾರಿ ಹೊಡೆದುಹಾಕಿ, ತಿದ್ದಿ, ಸಹಿ ಮಾಡುತ್ತಿದ್ದರು. ಈಗ ತಿದ್ದಿದ ಪತ್ರವೇ ಅಮಾನ್ಯ.

ಕನ್ನಡಕ್ಕೆ ಇನ್ನೊಂದು ಸಂಕಟವಿದೆ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಹಿಂದೆ ಒಂದು ಪುಟ್ಟ ಪದವಿಟ್ಟರೆ ಸಾಕು. ನಮ್ಮಲ್ಲಿ ವಿಭಕ್ತಿ ಪ್ರತ್ಯಯವು ಹೆಸರಿನೊಡನೆ ಬೆಸೆದುಕೊಳ್ಳಬೇಕು: ಮೈಸೂರಿನಲ್ಲಿ, ಧಾರವಾಡದಲ್ಲಿ, ಶಿರಸಿಯಲ್ಲಿ. ಇಂಗ್ಲಿಷ್ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದರೆ 'ಶಿರಸಿ ದಲ್ಲಿ' ಎಂಬ ವಿಕಾರ ಹುಟ್ಟುತ್ತದೆ. 'ಮಗ/ಮಗಳು/ಪತ್ನಿ' ಎಂಬ ಸಾಲು ಯಾವುದನ್ನೂ ಹೊಡೆದುಹಾಕದೆ ಹಾಗೆಯೇ ಉಳಿಯುತ್ತದೆ.

ಪರಿಹಾರ ದುಬಾರಿಯದಲ್ಲ. ನಮೂನೆ ಬಳಕೆಗೆ ಬರುವ ಮುನ್ನ ಕನ್ನಡ ಬಲ್ಲವರೂ ಕೌಂಟರಿನ ನೌಕರರೂ ಅದನ್ನು ಓದಲಿ. ವಿಧವೆ, ಅವಿವಾಹಿತೆ, ಅನಾಥ ಮುಂತಾದವರ ವಿವರ ತುಂಬಿ ಪರೀಕ್ಷಿಸಲಿ. ನಮೂನೆಯನ್ನು ಅನುಮೋದಿಸಿದ ಅಧಿಕಾರಿಯ ಹುದ್ದೆ ಪತ್ರದ ಕೆಳಗೆ ಅಚ್ಚಾಗಲಿ. ತಪ್ಪು ಕಂಡ ಗುಮಾಸ್ತರಿಗೆ ಅದನ್ನು ವರದಿ ಮಾಡುವ ದಾರಿಯೂ, ಅಲ್ಲಿಯವರೆಗೆ ಮೇಲಧಿಕಾರಿಯ ಸಹಿಯೊಂದಿಗೆ ಕೈಯಿಂದ ತಿದ್ದುವ ಅಧಿಕಾರವೂ ಇರಲಿ.

ನನ್ನ ಜೊತೆ ಬಂದಿದ್ದ ಆ ತಾಯಿ ಪತ್ರವನ್ನು ಎರಡು ಸಲ ಓದಿಸಿಕೊಂಡರು. "ಸರ್ಕಾರದ ಕಾಗದದಲ್ಲಾದರೂ ಅವರು ಇದ್ದಾರಲ್ಲ" ಎಂದು ನಕ್ಕರು. ಅರ್ಜಿ ಮಾತ್ರ ಇನ್ನೂ ಅಲ್ಲೇ ಇದೆ.